ಫೈಲ್ ಶೇರಿಂಗ್ ಸರಿ ಮಾಡಿಕೊಡ್ತೀವಿ ಅನ್ನುವವರ ಕೈಗೆ ಕಂಪ್ಯೂಟರ್ ಕೊಡುವ ಮುಂಚೆ ಇದನ್ನು ಓದಿ

ಬರೆಯೋಕೆ ನಾಚಿಕೆ ಆಗುತ್ತಿದೆ. ಆದರೂ ಬರೆಯುತ್ತೇನೆ. ಎರಡು ಲಿನಕ್ಸ್ ಕಂಪ್ಯೂಟರ್‌ಗಳ ನಡುವೆ ಸಾಂಬಾ (ನೆಟ್‌ವರ್ಕ್‌ನಲ್ಲಿ ಫೋಲ್ಡರ್ ಹಂಚುವ ಸಾಫ್ಟ್‌ವೇರ್) ಸರಿ ಮಾಡಿಕೊಡಿ ಅಂತ ಒಬ್ಬನಿಗೆ ದುಡ್ಡು ಕೊಟ್ಟೆ. 20 ನಿಮಿಷದಲ್ಲಿ ಮಾಡಿಕೊಟ್ಟ. ಮಾಡಿಕೊಟ್ಟದ್ದು ಏನು ಗೊತ್ತಾ? ನಮ್ಮ ವೈಫೈಗೆ ಬಂದವರು ಯಾರೇ ಆಗಲಿ, ಪಾಸ್‌ವರ್ಡ್ ಇಲ್ಲದೆ ನನ್ನ ಫೈಲುಗಳೆಲ್ಲ ಇರುವ ಹೋಮ್ ಫೋಲ್ಡರ್ ತೆರೆಯಬಹುದು. ತೆರೆಯುವುದಷ್ಟೇ ಅಲ್ಲ, ಅಳಿಸಲೂಬಹುದು.

ಹಳೆಯ ಕಂಪ್ಯೂಟರ್‌ನಲ್ಲಿ ಮನೆಯ ಫೋಟೋ, ಬ್ಯಾಂಕ್ ಪೇಪರ್, ಎಲ್ಲ ಇವೆ. ಅದಕ್ಕೆ ಹೊಸ ಉಬುಂಟು (ಲಿನಕ್ಸಿನ ಒಂದು ಬಗೆ) ಹಾಕಿದ ಮೇಲೆ ಶೇರ್ ನಿಂತುಹೋಯಿತು. ಲ್ಯಾಪ್‌ಟಾಪಿನ ನೆಟ್‌ವರ್ಕ್ ಜಾಗದಲ್ಲಿ ಆ ಕಂಪ್ಯೂಟರ್ ಕಾಣಲೇ ಇಲ್ಲ. ವಿಳಾಸ ಟೈಪ್ ಮಾಡಿ ಹೋದರೆ ಪಾಸ್‌ವರ್ಡ್ ಕೇಳುತ್ತದೆ, ಕೊಟ್ಟರೆ ಮತ್ತೆ ಕೇಳುತ್ತದೆ, ಮತ್ತೆ ಕೊಟ್ಟರೆ ಮತ್ತೆ ಕೇಳುತ್ತದೆ. ಈ ಗೋಳು ನಿಮ್ಮಲ್ಲಿ ತುಂಬಾ ಜನರಿಗೆ ಗೊತ್ತಿರುತ್ತದೆ. ಎರಡೂ ಲಿನಕ್ಸ್ ಆದಮೇಲೆ ಲಿನಕ್ಸ್‌ಗಳ ನಡುವೆ ಫೈಲ್ ಹಂಚುವ ಎನ್‌ಎಫ್‌ಎಸ್ ಸಾಕಿತ್ತಲ್ವಾ ಅಂತ ಕೇಳಬೇಡಿ. ಮನೆಯಲ್ಲಿ ಫೋನು, ಟಿವಿಗೂ ಅದೇ ಫೋಲ್ಡರ್ ಬೇಕು, ಅದಕ್ಕೇ ಸಾಂಬಾ.

ಎರಡು ರಾತ್ರಿ ಒದ್ದಾಡಿದೆ. ಆಮೇಲೆ ದೂರದಿಂದಲೇ ರಿಪೇರಿ ಮಾಡಿಕೊಡುವ ಒಬ್ಬನನ್ನು ಹಿಡಿದೆ. ದುಡ್ಡು ಮೊದಲೇ ಕೊಡಬೇಕು ಅಂದ, ಕೊಟ್ಟೆ. ರಿಮೋಟ್ ಸಾಫ್ಟ್‌ವೇರ್ ಹಾಕಿಕೊಳ್ಳಿ ಅಂದ, ಹಾಕಿಕೊಂಡೆ. ಕಮಾಂಡ್ ಹೊಡೆಯುವ ಟರ್ಮಿನಲ್‌ನಲ್ಲಿ ಪಟಪಟ ಅಂತ ಏನೇನೋ ಹೊಡೆದ. ಒಂದು ಸಾಲನ್ನೂ ವಿವರಿಸಲಿಲ್ಲ. ನಾನೂ ಕೇಳಲಿಲ್ಲ. ಫೋಲ್ಡರ್ ತೆರೆದುಕೊಂಡಿತು. ಖುಷಿಯಾಗಿ ಥ್ಯಾಂಕ್ಸ್ ಹೇಳಿದೆ. ಆ ಥ್ಯಾಂಕ್ಸ್ ನೆನಪಾದರೆ ಈಗಲೂ ಮೈ ಉರಿಯುತ್ತದೆ.

ಹೋಗುವ ಮುಂಚೆ ಇನ್ನೊಂದು ಮಾತು ಹೇಳಿದ. "ಹೊರಗಿನಿಂದಲೂ ಫೈಲ್ ಬೇಕಾದ್ರೆ ಹೇಳಿ ಸರ್, ರೌಟರ್‌ನಲ್ಲಿ 445 ಪೋರ್ಟ್ ಓಪನ್ ಮಾಡಿ ಕೊಡ್ತೀನಿ, ಅದಕ್ಕೆ ಬೇರೆ ಚಾರ್ಜ್." ಯೋಚಿಸಿ ಹೇಳ್ತೀನಿ ಅಂದೆ. ಪುಣ್ಯಕ್ಕೆ ಹೂಂ ಅನ್ನಲಿಲ್ಲ. 445 ಅಂದರೆ ಸಾಂಬಾ ಬಳಸುವ ನೆಟ್‌ವರ್ಕ್ ಬಾಗಿಲು. 2017ರ ಮೇ ತಿಂಗಳಲ್ಲಿ, ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವಾನಾಕ್ರೈ ವೈರಸ್ ವಿಂಡೋಸ್ ಕಂಪ್ಯೂಟರ್‌ಗಳಿಗೆ ನುಗ್ಗಿದ್ದು ಇದೇ ಪೋರ್ಟಿನಿಂದ. ಅದೇ ತಿಂಗಳು ಸಾಂಬಾದಲ್ಲೂ ದೊಡ್ಡ ತೂತು ಸಿಕ್ಕಿತ್ತು. 3.5.0ರಿಂದ ಆಗಿನವರೆಗಿನ ಆವೃತ್ತಿಗಳಿಗೆಲ್ಲ ಅದು ತಗಲುತ್ತಿತ್ತು. ಇಂಥ ಪೋರ್ಟನ್ನು ಇಂಟರ್ನೆಟ್ಟಿಗೆ ತೆರೆದಿಡ್ತೀನಿ ಅಂತಾನಲ್ಲ, ಅದೂ ದುಡ್ಡು ತಗೊಂಡು!

ಮರುದಿನ ಬೆಳಿಗ್ಗೆ ಆ ಕಂಪ್ಯೂಟರ್‌ನಿಂದ ಕೆಲಸದ ಸರ್ವರ್‌ಗೆ ಎಸ್‌ಎಸ್‌ಎಚ್ ಮಾಡಿದೆ, ಅಂದರೆ ದೂರದಿಂದಲೇ ಲಾಗಿನ್ ಆಗೋಕೆ ನೋಡಿದೆ. ಒಳಗೆ ಬಿಡಲಿಲ್ಲ. ನಿಮ್ಮ ಕೀ ಫೈಲಿನ (ಪಾಸ್‌ವರ್ಡ್ ಬದಲು ಬಳಸುವ ಗುಟ್ಟಿನ ಫೈಲು) ಪರ್ಮಿಷನ್ 0777 ಇದೆ, ತೀರಾ ಸಡಿಲ, ಈ ಕೀ ಬಳಸುವುದಿಲ್ಲ ಅಂತ ದೊಡ್ಡ ಎಚ್ಚರಿಕೆ ಬಂತು. 777? ಅಂದರೆ ಯಾರು ಬೇಕಾದರೂ ಓದಬಹುದು, ಬರೆಯಬಹುದು! ನಾನು ಅದನ್ನು ಮುಟ್ಟಿಯೇ ಇಲ್ಲವಲ್ಲ! ಅವನಿಗೆ ಮೆಸೇಜ್ ಹಾಕಿದೆ. ಉತ್ತರ ಹೀಗಿತ್ತು: "ಸರ್ ಪರ್ಮಿಷನ್ ಪ್ರಾಬ್ಲಮ್ ಬರಬಾರದು ಅಂತ ಫುಲ್ ಪರ್ಮಿಷನ್ ಕೊಟ್ಟಿದ್ದೀನಿ. ಎಲ್ರೂ ಹೀಗೇ ಮಾಡೋದು."

ಆಮೇಲೆ ಇನ್ನೊಂದು. ಲ್ಯಾಪ್‌ಟಾಪಿನಿಂದ ಅಲ್ಲಿ ಉಳಿಸಿದ ಫೈಲನ್ನು ಆ ಕಂಪ್ಯೂಟರ್‌ನಲ್ಲೇ ಕೂತು ತೆರೆದರೆ ಓದೋಕೆ ಬರುತ್ತದೆ, ಬದಲಾಯಿಸೋಕೆ ಬರುವುದಿಲ್ಲ. ಫೈಲಿನ ಒಡೆಯ ಯಾರು ಅಂತ ನೋಡಿದರೆ ರೂಟ್, ಅಂದರೆ ಸಿಸ್ಟಂನ ಪೂರ್ತಿ ಅಧಿಕಾರ ಇರುವ ಯೂಸರ್. ಮತ್ತೆ ಕೇಳಿದೆ. "ಸುಡೋ ಹಾಕಿ ಓಪನ್ ಮಾಡಿ ಸರ್." ಅಷ್ಟೇ. ನನ್ನದೇ ಫೈಲು, ನಾನು ಸುಡೋ ಹಾಕಿ ರೂಟ್ ಅಧಿಕಾರದಲ್ಲಿ ತೆರೆಯಬೇಕಂತೆ!

ಇಷ್ಟಾದರೂ ನನಗೆ ಪೂರ್ತಿ ಹೊಳೆದಿರಲಿಲ್ಲ. ಸಂಜೆ ಹೆಂಡತಿಯ ತಮ್ಮ ಮನೆಗೆ ಬಂದ. ವೈಫೈ ಕೇಳಿದ, ಕೊಟ್ಟೆವು. ಫೋನಿನ ಫೈಲ್ ಮ್ಯಾನೇಜರ್‌ನಲ್ಲಿ ಟಿವಿಗೆ ಹಾಕೋಕೆ ಏನೋ ಹುಡುಕುತ್ತಿದ್ದ. ಹತ್ತು ನಿಮಿಷಕ್ಕೆ ಫೋನು ನನ್ನ ಕಡೆ ಹಿಡಿದ. "ಭಾವ, ಇದು ನಿಮ್ಮ ಬ್ಯಾಂಕ್ ಪೇಪರ್ ಅಲ್ವಾ? ನನಗ್ಯಾಕೆ ಕಾಣ್ತಿದೆ?"

ಪಾಸ್‌ವರ್ಡ್ ಕೇಳಿತಾ ಅಂದೆ. ಇಲ್ಲ ಅಂದ. ಎಲ್ಲರೂ ಕೂತಿದ್ದರು. ಲಿನಕ್ಸ್ ತುಂಬಾ ಸುರಕ್ಷಿತ ಅಂತ ಅದೇ ಹುಡುಗನಿಗೆ ಎಷ್ಟು ಸಲ ಹೇಳಿದ್ದೇನೋ. ತಲೆ ಎತ್ತಿ ನೋಡೋಕೆ ಆಗಲಿಲ್ಲ. ಎದ್ದು ಹೋಗಿ ಆ ಕಂಪ್ಯೂಟರ್‌ನ ಕೇಬಲ್ ಕಿತ್ತೆ.

ಆ ರಾತ್ರಿ ಕೂತು, ಸಾಂಬಾದ ಸೆಟ್ಟಿಂಗ್ಸ್ ಇರುವ ಎಸ್‌ಎಂಬಿ ಡಾಟ್ ಕಾನ್ಫ್ (smb.conf) ಫೈಲನ್ನು ಸಾಲುಸಾಲಾಗಿ ಓದಿದೆ. 'ಗೆಸ್ಟ್ ಓಕೆ = ಯೆಸ್', ಅಂದರೆ ಯಾರು ಬೇಕಾದರೂ ಬರಬಹುದು. 'ಫೋರ್ಸ್ ಯೂಸರ್ = ರೂಟ್', ಅಂದರೆ ಹಾಗೆ ಬಂದವರೆಲ್ಲ ಆ ಶೇರ್ ಒಳಗೆ ರೂಟ್. ಎರಡೂ ಒಟ್ಟಿಗೆ! 'ಮಿನ್ ಪ್ರೋಟೋಕಾಲ್' ಜಾಗದಲ್ಲಿ ಎನ್‌ಟಿ1, ಅಂದರೆ ಸಾಂಬಾ ಮಾತಾಡುವ ಭಾಷೆಯ ಹಳೆಯ ಆವೃತ್ತಿ, ಎಸ್‌ಎಂಬಿ1. ಅದು ಬೇಡ ಅಂತ ಸಾಂಬಾದವರೇ 2019ರಲ್ಲಿ, 4.11 ಆವೃತ್ತಿಯಿಂದ, ತಾನಾಗಿ ಆಫ್ ಇರುವ ಹಾಗೆ ಮಾಡಿದ್ದಾರೆ. ಆ ಫೈಲಿನ ಹೊರಗೆ ನೋಡಿದರೆ, ಬೇಡದ ಸಂಪರ್ಕ ತಡೆಯುವ ಫೈರ್‌ವಾಲ್ ಪೂರ್ತಿ ಆಫ್. ಹೋಮ್ ಫೋಲ್ಡರ್ ಮೇಲೆ ಪರ್ಮಿಷನ್ ಬದಲಾಯಿಸುವ 'ಚ್‌ಮಾಡ್ -ಆರ್ 777' (chmod -R 777). ಒಡೆಯ, ಗುಂಪು, ಉಳಿದವರು, ಮೂವರಿಗೂ ಓದು, ಬರೆ, ಓಡಿಸು. ಆ -ಆರ್ ಇರುವುದರಿಂದ ಒಳಗಿನ ಪ್ರತಿಯೊಂದು ಫೈಲಿಗೂ ಅದೇ. ಮುಂಚೆ ಯಾವುದಕ್ಕೆ ಏನಿತ್ತು ಅಂತ ಎಲ್ಲೂ ಬರೆದಿರುವುದಿಲ್ಲ, ಹಾಗಾಗಿ ಹಿಂದಕ್ಕೆ ತರುವ ಕಮಾಂಡೂ ಇಲ್ಲ.

ಅವನಿಗೆ ಇದನ್ನೆಲ್ಲ ಬರೆದು ಕಳಿಸಿದೆ. ಉತ್ತರ ಬಂತು: "ಶೇರಿಂಗ್ ವರ್ಕ್ ಆಗ್ತಿದೆಯಲ್ಲ ಸರ್?" ದುಡ್ಡು ವಾಪಸ್ ಕೊಡಿ ಅಂದೆ. "ನೀವು ಕೇಳಿದ್ದು ಶೇರಿಂಗ್. ಸೆಕ್ಯುರಿಟಿ ಕೇಳಿರಲಿಲ್ಲ. ಅದು ಬೇರೆ ಪ್ಯಾಕೇಜ್." ಬೇರೆ ಪ್ಯಾಕೇಜ್! ನಂತರ ಉತ್ತರವೇ ಇಲ್ಲ.

ಹೊಟ್ಟೆ ಉರಿಯುವುದು ಯಾಕೆ ಅಂದರೆ, ನಿಜವಾದ ತೊಂದರೆ ತೀರಾ ಚಿಕ್ಕದು. ಸಾಂಬಾ ತನ್ನ ಪಾಸ್‌ವರ್ಡ್‌ಗಳನ್ನು ಬೇರೆಯೇ ಇಟ್ಟುಕೊಳ್ಳುತ್ತದೆ. ಲಿನಕ್ಸಿನ ಲಾಗಿನ್ ಪಾಸ್‌ವರ್ಡ್ ಅದಕ್ಕೆ ತಾನಾಗಿ ಗೊತ್ತಾಗುವುದಿಲ್ಲ. ಹೊಸ ಸಿಸ್ಟಂ ಹಾಕಿದಾಗ ಆ ಪಟ್ಟಿ ಖಾಲಿಯಾಗಿತ್ತು. ಆ ಪಟ್ಟಿಗೆ ಸೇರಿಸುವ 'ಎಸ್‌ಎಂಬಿಪಾಸ್‌ಡಬ್ಲ್ಯೂಡಿ -ಎ' (smbpasswd -a) ಅಂತ ಯೂಸರ್ ಹೆಸರು ಹಾಕಿ ಹೊಡೆದೆ, ನನ್ನ ಹೆಸರಿನಲ್ಲಿ ತೆರೆಯಿತು. ಹೋಮ್ ಫೋಲ್ಡರಿನ 777 ತೆಗೆದ ಮೇಲೆ ಹೆಂಡತಿಯ ಹೆಸರಿನಲ್ಲಿ ಆಗಲಿಲ್ಲ. ಉಬುಂಟು 21.04ರಿಂದ ಹೊಸ ಹೋಮ್ ಫೋಲ್ಡರ್‌ಗಳ ಪರ್ಮಿಷನ್ 750, ಬೇರೆ ಯೂಸರ್ ಒಳಗೆ ಕಾಲಿಡುವ ಹಾಗಿಲ್ಲ. ಶೇರ್ ಫೋಲ್ಡರನ್ನು ಹೋಮ್‌ನಿಂದ ಹೊರಗೆ ತಂದು, ಇಬ್ಬರಿಗೂ ಒಂದು ಗುಂಪು ಮಾಡಿ ಕೊಟ್ಟೆ. ನೆಟ್‌ವರ್ಕ್ ಜಾಗದಲ್ಲಿ ಕಾಣದಿದ್ದದ್ದು ತೊಂದರೆಯೇ ಅಲ್ಲ. ಆ ಹಳೆಯ ಹುಡುಕಾಟ ಎಸ್‌ಎಂಬಿ1 ಇದ್ದರೆ ಮಾತ್ರ ನಡೆಯುವಂಥದ್ದು. ಈಗ ನೇರ ವಿಳಾಸ ಕೊಟ್ಟು ಬುಕ್‌ಮಾರ್ಕ್ ಮಾಡಿಟ್ಟಿದ್ದೇನೆ. ಫೈರ್‌ವಾಲ್ ಆನ್ ಮಾಡಿ ಸಾಂಬಾಗೆ ಮಾತ್ರ, ಅದೂ ಮನೆಯ ನೆಟ್‌ವರ್ಕಿಗೆ ಮಾತ್ರ ದಾರಿ ಬಿಟ್ಟೆ. ಎಲ್ಲ ಸೇರಿ ಅರ್ಧ ಗಂಟೆ. ಆದರೆ ಆ 777 ತೊಳೆಯೋಕೆ ಒಂದು ಇಡೀ ಭಾನುವಾರ ಹೋಯಿತು. ಫೋಲ್ಡರ್‌ಗಳಿಗೆ ಬೇರೆ, ಫೈಲ್‌ಗಳಿಗೆ ಬೇರೆ, ಎಸ್‌ಎಸ್‌ಎಚ್ ಫೋಲ್ಡರ್‌ಗೆ 700, ಕೀಗೆ 600, ಅಂದರೆ ಒಡೆಯನಿಗೆ ಮಾತ್ರ.

ನೀವು ಒದ್ದಾಡುತ್ತಿದ್ದರೆ ಮೊದಲು ಟರ್ಮಿನಲ್‌ನಿಂದ ಶೇರ್‌ಗೆ ಕನೆಕ್ಟ್ ಮಾಡುವ 'ಎಸ್‌ಎಂಬಿಕ್ಲೈಂಟ್' (smbclient) ಹೊಡೆದು ತಪ್ಪಿನ ಸಂದೇಶ ಓದಿ. 'ಲಾಗಾನ್ ಫೇಲ್ಯೂರ್' ಅಂದರೆ ಹೆಸರು, ಪಾಸ್‌ವರ್ಡ್ ಕಡೆ ನೋಡಿ. 'ಆಕ್ಸೆಸ್ ಡಿನೈಡ್' ಅಂದರೆ ಪರ್ಮಿಷನ್. 'ಕನೆಕ್ಷನ್ ರೆಫ್ಯೂಸ್ಡ್' ಅಂದರೆ ಬಹುಶಃ ಸಾಂಬಾ ಓಡುತ್ತಲೇ ಇಲ್ಲ. ಸುಮ್ನೆ ಕಾದು ಕಾದು ಟೈಮ್‌ಔಟ್ ಆದರೆ ಫೈರ್‌ವಾಲ್ ಮೇಲೆ ಅನುಮಾನ ಪಡಿ. ಇದನ್ನು ಒಂದು ಸಲ ಓದಿದ್ದರೂ ನಾನು ಅವನ ಹತ್ತಿರ ಹೋಗುತ್ತಿರಲಿಲ್ಲ. ಯಾರಿಗಾದರೂ ಕೊಡಲೇಬೇಕು ಅಂದರೆ, ಎಸ್‌ಎಂಬಿ ಡಾಟ್ ಕಾನ್ಫ್ ಕಾಪಿ ತೆಗೆದಿಟ್ಟು ಕೊಡಿ. ಅವರ ಬಾಯಲ್ಲಿ 777 ಅಂತ ಬಂದ ಕ್ಷಣ ಲೈನ್ ಕಟ್ ಮಾಡಿ. ದುಡ್ಡು ಹೋದರೆ ಹೋಗಲಿ.

ಇಂಥವರ ಕೈಗೆ ಈಗಾಗಲೇ ಕೊಟ್ಟಿದ್ದರೆ ಇವತ್ತೇ ಇನ್ನೊಂದು ನೋಡಿ. ಅವನು ಹಾಕಿಸಿದ ರಿಮೋಟ್ ಸಾಫ್ಟ್‌ವೇರ್ ಒಂದೇ ಸಲಕ್ಕೆ ಅಂದುಕೊಂಡಿದ್ದೆ. ನಿನ್ನೆ ನೋಡಿದೆ, ಕಂಪ್ಯೂಟರ್ ಆನ್ ಆದಾಗಲೆಲ್ಲ ಅದೂ ಶುರುವಾಗುವ ಹಾಗೆ ಇಟ್ಟು, ಕಾಯಂ ಪಾಸ್‌ವರ್ಡ್ ಬೇರೆ ಹಾಕಿದ್ದ. ಕಿತ್ತು ಬಿಸಾಕಿದೆ. ಎಸ್‌ಎಸ್‌ಎಚ್ ಕೀಗಳನ್ನು ಹೊಸದಾಗಿ ಮಾಡಿಕೊಂಡೆ, ಬ್ಯಾಂಕಿನ ಪಾಸ್‌ವರ್ಡ್‌ಗಳನ್ನೆಲ್ಲ ಬದಲಾಯಿಸಿದೆ. ನಡುವಿನ ಆ ದಿನಗಳಲ್ಲಿ ಅವನು ಒಳಗೆ ಬಂದಿದ್ದನೋ ಇಲ್ಲವೋ, ನನಗೆ ಇನ್ನೂ ಗೊತ್ತಿಲ್ಲ.