ಚಕಮಕಿ ಬಂದೂಕಿಗೆ ಯಾವ ಕರಿಮದ್ದು? ಕಿಟ್ಟದ ಲೆಕ್ಕದಲ್ಲಿ ಒಂದು ಹೋಲಿಕೆ

ನಾನು ಈಗ ಕೊಳ್ಳುವುದು ಸ್ವಿಟ್ಜರ್ಲೆಂಡಿನಿಂದ ಬರುವ ‘ಸ್ವಿಸ್’ ಕರಿಮದ್ದನ್ನು ಮಾತ್ರ. ನಾನು ಮೊದಲು ಬಳಸುತ್ತಿದ್ದ ಮದ್ದಿಗಿಂತ ಸುಮಾರು ಒಂದೂವರೆ ಪಟ್ಟು ಹಣ ತೆರಬೇಕಾದರೂ ನನಗೆ ಬೇಸರವಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಈ ಹೋಲಿಕೆ ಹುಟ್ಟಿದ್ದೇ ಒಂದು ಜನವರಿಯ ಮುಂಜಾನೆ ಬೇರೊಂದು ಮದ್ದಿನಿಂದ ನಾನು ಪಟ್ಟ ಪಾಡಿನಿಂದ.

ನಾನಿರುವುದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ. ಇಲ್ಲಿ ಚಕಮಕಿ ಕಲ್ಲಿನ ಬಂದೂಕಿಗೆಂದೇ 1974ರಿಂದ ಜಿಂಕೆ ಬೇಟೆಯ ಪ್ರತ್ಯೇಕ ಅವಧಿಯಿದ್ದು, ಅದು ಚಳಿಗಾಲದ ನಟ್ಟನಡುವೆ, ಕ್ರಿಸ್ಮಸ್ ಕಳೆದ ಮೇಲೆ ನಡೆಯುತ್ತದೆ. ನನ್ನದು .50 ಕ್ಯಾಲಿಬರಿನ ಉದ್ದ ನಳಿಗೆಯ ಬಂದೂಕು; ಕೊಬ್ಬು ಸವರಿದ ಬಟ್ಟೆಯ ತುಂಡಿನಲ್ಲಿ ಸುತ್ತಿದ ಸೀಸದ ಗುಂಡು, ಅದರಡಿ 60 ಗ್ರೇನ್ (ಮದ್ದಿನ ಅಳತೆಗೆ ಬಳಸುವ ಸಣ್ಣ ಮಾನ) ಮದ್ದು ಎಂಬುದು ನನ್ನ ಪದ್ಧತಿ. ಸಕಲೇಶಪುರದ ಕಡೆಯ ಅಜ್ಜನ ಮನೆಯಲ್ಲಿ ಕೇಪಿನ ಕೋವಿಯನ್ನು ನೋಡುತ್ತಲೇ ಬೆಳೆದ ನನಗೆ ನಳಿಗೆಯ ಬಾಯಿಯಿಂದ ಮದ್ದು ತುಂಬಿ ಗಜದಿಂದ ಜಡಿಯುವ ಕೆಲಸ ಹೊಸದೇನಾಗಿರಲಿಲ್ಲ. ಆದರೆ ಅಲ್ಲಿ ಮದ್ದೆಂದರೆ ಅಜ್ಜನಿಗೆ ಸಿಕ್ಕಿದ್ದು, ಅಷ್ಟೇ. ಯಾವುದನ್ನು ಆರಿಸಬೇಕೆಂಬ ಪ್ರಶ್ನೆ ಎದುರಾದದ್ದು ಇಲ್ಲಿಗೆ ಬಂದ ಮೇಲೆ.

ಮದ್ದು ಉರಿದ ಮೇಲೆ ನಳಿಗೆಯೊಳಗೆ ಅಂಟಿ ಉಳಿಯುವ ಕಿಟ್ಟ ಕಡಿಮೆಯಿರಬೇಕೆಂದರೆ, ಕರಿಮದ್ದಿಗೆ ಬದಲಾಗಿ ಮಾಡಿದ ಬದಲಿ ಮದ್ದು ಕೊಳ್ಳಿ ಎಂದು ಅಂಗಡಿಗಳಲ್ಲಿ ಹೇಳುತ್ತಾರೆ. ಬ್ಲ್ಯಾಕ್‌ಹಾರ್ನ್ 209 ಎಂಬುದು ಎಲ್ಲಕ್ಕಿಂತ ಶುಭ್ರವಾಗಿ ಉರಿಯುತ್ತದೆ ಎಂಬುದರಲ್ಲಿ ಅನುಮಾನವಿಲ್ಲ, ಆದರೆ ಅದಕ್ಕೆ ಕಿಡಿ ಹೊತ್ತಿಸಲು ಹೊಸ ಬಗೆಯ ಬಂದೂಕುಗಳಲ್ಲಿರುವ ಜೋರಾದ ಕಿಡಿಯ ಕೇಪು, ಅಂದರೆ 209 ಪ್ರೈಮರ್ ಬೇಕೇ ಬೇಕು. ಗಂಧಕವಿಲ್ಲದ ಟ್ರಿಪಲ್ ಸೆವೆನ್ ಅನ್ನು ಗೆಳೆಯರೊಬ್ಬರ ಕೇಪಿನ ಬಂದೂಕಿನಲ್ಲಿ ನಾನೇ ಹಾರಿಸಿ ನೋಡಿದ್ದೇನೆ. ಬರಿಯ ನೀರಿನಲ್ಲಿ ತೊಳೆದುಹೋಗುತ್ತದೆ, ಕೊಳೆತ ಮೊಟ್ಟೆಯ ವಾಸನೆಯೂ ಇಲ್ಲ. ಆದರೆ ಬದಲಿ ಮದ್ದುಗಳು ಹೊತ್ತಿಕೊಳ್ಳಲು ನಿಜವಾದ ಕರಿಮದ್ದಿಗಿಂತ ಹೆಚ್ಚು ಶಾಖ ಬೇಕು. ಚಕಮಕಿ ಕಲ್ಲು ಉಕ್ಕಿಗೆ ತಾಗಿ ಉದುರಿಸುವ ಕಿಡಿಗೂ, ನಳಿಗೆಯ ಹೊರಬದಿಯ ಪುಟ್ಟ ತಟ್ಟೆಯಲ್ಲಿನ ಚಿಟಿಕೆ ಮದ್ದಿನಿಂದ ಸಣ್ಣ ತೂತಿನ ಮೂಲಕ ಒಳನುಗ್ಗುವ ಜ್ವಾಲೆಗೂ ಅವು ನಂಬುವಂತೆ ಹೊತ್ತುವುದಿಲ್ಲ. ಚಕಮಕಿ ಬಂದೂಕು ಹಿಡಿದವನಿಗೆ ಆಯ್ಕೆಯಿರುವುದು ಕರಿಮದ್ದುಗಳ ನಡುವೆ ಮಾತ್ರ.

ಇಲ್ಲಿ ಬಹಳ ಜನರ ರೂಢಿಯ ಮದ್ದು ಗೋಯೆಕ್ಸ್. ಒಂದು ಕಾಲಕ್ಕೆ ಅದು ಇದೇ ಪೆನ್ಸಿಲ್ವೇನಿಯಾದ ಮೂಸಿಕ್ ಎಂಬಲ್ಲಿ ತಯಾರಾಗುತ್ತಿತ್ತು. ಆಮೇಲೆ ಕಾರ್ಖಾನೆ ಲೂಯಿಸಿಯಾನಾದ ಮಿಂಡನ್‌ಗೆ ಹೋಯಿತು. 2021ರಲ್ಲಿ ಅದನ್ನು ಮುಚ್ಚುವ ಸುದ್ದಿ ಬಂದಾಗ ಜನ ಸಿಕ್ಕಷ್ಟು ಕೊಂಡಿಟ್ಟುಕೊಂಡರು, ಅಂಗಡಿಯ ಕಪಾಟುಗಳು ಬರಿದಾದವು. ಮರುವರ್ಷ ಎಸ್ಟೆಸ್ ಸಂಸ್ಥೆ ಅದನ್ನು ಕೊಂಡಿತಾದರೂ, ಆ ನಡುವಿನ ಬರಗಾಲದಲ್ಲಿ ನಾನು ಕೈಗೆ ಸಿಕ್ಕಿದ ಒಂದು ಅಗ್ಗದ ಮದ್ದಿನ ಎರಡು ಡಬ್ಬಗಳನ್ನು ಹಿಂದೆಮುಂದೆ ನೋಡದೆ ತಂದಿದ್ದೆ. ಅದರ ಹೆಸರು ಇಲ್ಲಿ ಬೇಡ; ನನ್ನ ಪಾಲಿಗೆ ಬಂದ ತಯಾರಿಕೆಯ ಕಂತೇ ಹಾಗಿದ್ದಿರಬಹುದು.

ಬೇಸಿಗೆಯಲ್ಲಿ ಅದು ಯಾವ ತಕರಾರೂ ಮಾಡಲಿಲ್ಲ. ಜನವರಿಯಲ್ಲಿ, ನೆಲ ಹೆಪ್ಪುಗಟ್ಟಿ ಗಾಳಿ ಪೂರ್ತಿ ಒಣಗಿದ್ದ ಒಂದು ಬೆಳಿಗ್ಗೆ, ಗುರಿ ಅಭ್ಯಾಸದ ಮೈದಾನದಲ್ಲಿ ಮೂರನೆಯ ಈಡಿಗೇ ಗಜ ಬಿಗಿಯಾಗಿ ಇಳಿಯತೊಡಗಿತು. ನಾಲ್ಕನೆಯ ಗುಂಡು ಬಹುತೇಕ ದಾರಿ ಇಳಿದು ನಿಂತೇಬಿಟ್ಟಿತು. ಮದ್ದಿನ ಮೇಲೆ ಗುಂಡು ಸರಿಯಾಗಿ ಕುಳಿತಾಗ ಗಜ ಎಷ್ಟು ಒಳಗಿರಬೇಕೆಂದು ತಿಳಿಯಲು ನಾನು ಅದರ ಮೇಲೆ ಚಾಕುವಿನಿಂದ ಒಂದು ಸುತ್ತುಗೆರೆ ಕೊರೆದಿದ್ದೇನೆ. ಆ ಗೆರೆ ನಳಿಗೆಯ ಬಾಯಿಯಿಂದ ನಾಲ್ಕು ಬೆರಳು ಮೇಲೆಯೇ ಉಳಿದಿತ್ತು. ಅಂದರೆ ಗುಂಡಿಗೂ ಮದ್ದಿಗೂ ನಡುವೆ ನಾಲ್ಕು ಬೆರಳು ಖಾಲಿ ಜಾಗ. ಆ ಸ್ಥಿತಿಯಲ್ಲಿ ಈಡು ಹೊಡೆದರೆ ನಳಿಗೆ ಉಬ್ಬಬಹುದು, ಒಡೆಯಲೂಬಹುದು. ಆ ಗೆರೆ ಕೊರೆದಿಲ್ಲದಿದ್ದರೆ ಗುಂಡು ಕೂತಿತೆಂದೇ ತಿಳಿದು ನಾನು ಕುದುರೆ ಎಳೆಯುತ್ತಿದ್ದೆನೋ ಏನೋ, ನೆನೆದರೆ ಈಗಲೂ ಮೈ ನಡುಗುತ್ತದೆ.

ಮೊದಲು ಚಕಮಕಿ ಕಲ್ಲನ್ನು ಬಿಚ್ಚಿ ಕಿಸೆಗೆ ಹಾಕಿಕೊಂಡೆ. ಬೆಂಕಿಯ ತೂತಿನಿಂದ ನೀರು ಬಿಟ್ಟು ಒಳಗಿನ ಮದ್ದನ್ನು ಚೆನ್ನಾಗಿ ನೆನೆಸಿದೆ. ಗಜದ ತುದಿಗೆ ತಿರುಪು ಜೋಡಿಸಿ, ಅದನ್ನು ಸೀಸದೊಳಗೆ ಕೊರೆದು, ಪಕ್ಕದಲ್ಲಿದ್ದ ಹಿರಿಯರೊಬ್ಬರು ಬಂದೂಕು ಹಿಡಿದುಕೊಂಡ ಮೇಲೆ ಎಳೆದು ತೆಗೆಯುವಷ್ಟರಲ್ಲಿ ಒಂದು ಗಂಟೆ ಕಳೆದಿತ್ತು. ಮನೆಗೆ ಬಂದು ನಳಿಗೆ ತೊಳೆದಾಗ ನೀರಿನೊಡನೆ ಉದುರಿದ್ದು ಮಸಿಯಲ್ಲ, ಚಕ್ಕೆಗಳು. ಹಾಲು ಸೀದ ಪಾತ್ರೆಯ ತಳವನ್ನು ಕೆರೆದಾಗ ಏಳುತ್ತವಲ್ಲ, ಅಂಥವು.

ಪ್ರತಿ ಈಡಿಗೂ ಒಮ್ಮೆ ಒದ್ದೆ ಬಟ್ಟೆಯಿಂದ ಒರೆಸಿದರೆ ಈ ತೊಂದರೆಯೇ ಇಲ್ಲ ಎಂದು ಅನುಭವಿಗಳು ಹೇಳುತ್ತಾರೆ, ಮತ್ತು ಅದು ನಿಜ. ಆದರೆ ಹಿಮದಲ್ಲಿ ನಿಂತು, ಬೆರಳು ಮರಗಟ್ಟಿರುವಾಗ ಒದ್ದೆ ಬಟ್ಟೆ ಹುಡುಕುವುದು ನನ್ನಿಂದ ಆಗದ ಮಾತು. ಬಟ್ಟೆ ತುಸು ಹೆಚ್ಚು ಒದ್ದೆಯಾದರೂ ಕಿಟ್ಟ ಕೆಸರಾಗಿ ಬೆಂಕಿಯ ತೂತಿಗೆ ಮೆತ್ತಿಕೊಂಡು, ಮುಂದಿನ ಬಾರಿ ತಟ್ಟೆಯಲ್ಲಿ ಮಾತ್ರ ಭುಗ್ಗೆಂದು ಉರಿದು ಒಳಗೆ ಏನೂ ಆಗದೆ ಉಳಿಯುತ್ತದೆ.

ಈ ಪ್ರಸಂಗದಿಂದ ನನಗೆ ತಿಳಿದದ್ದೇನೆಂದರೆ, ‘ಶುಭ್ರವಾಗಿ ಉರಿಯುವ ಮದ್ದು’ ಎನ್ನುವಾಗ ಕಿಟ್ಟ ಎಷ್ಟು ಎಂಬುದಕ್ಕಿಂತ ಅದು ಎಷ್ಟು ಗಟ್ಟಿ ಎಂಬುದನ್ನು ನೋಡಬೇಕು. ಯಾವ ಕರಿಮದ್ದೇ ಆಗಲಿ, ಉರಿದ ಮೇಲೆ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಘನವಾಗಿಯೇ ಉಳಿಯುತ್ತದೆ. ಅದರಲ್ಲಿ ಒಂದಿಷ್ಟು ಹೊಗೆಯಾಗಿ ಹೊರಬಿದ್ದರೆ ಮಿಕ್ಕದ್ದು ನಳಿಗೆಯ ಗೋಡೆಗೆ ಅಂಟುತ್ತದೆ. ಆ ಲವಣಗಳು ಗಾಳಿಯ ತೇವ ಹೀರುವಂಥವು. ಮಲೆನಾಡಿನ ಮಳೆಗಾಲದಂಥ ಹವೆಯಲ್ಲಿ ಅವು ಮೆತ್ತಗೆ ಜಿಗುಟಾಗಿ ಉಳಿಯುತ್ತವೆ, ಒಣಚಳಿಯಲ್ಲಿ ಗಾರೆಯಂತೆ ಬಿಗಿಯುತ್ತವೆ. ಬೇಸಿಗೆಯಲ್ಲಿ ಒಳ್ಳೆಯದೆನಿಸಿದ ಮದ್ದು ಜನವರಿಯಲ್ಲಿ ಕೈಕೊಟ್ಟದ್ದು ಇದರಿಂದಲೇ.

ಸ್ವಿಸ್ ಮದ್ದಿನ ಇದ್ದಿಲನ್ನು ಆಲ್ಡರ್ ಬಕ್‌ಥಾರ್ನ್ ಎಂಬ ಗಿಡದ ಕಟ್ಟಿಗೆಯಿಂದ ಸುಡುತ್ತಾರೆ. ಓಬೋನ್ ಎಂಬ ಊರಿನ ಹಳೆಯ ಕಾರ್ಖಾನೆಯ ಸರಕು ಅದು. ಡಬ್ಬ ತೆರೆದು ಅಂಗೈಗೆ ಸುರಿದುಕೊಂಡರೆ ಕಾಳುಗಳೆಲ್ಲ ಒಂದೇ ಗಾತ್ರ, ಸಾಸಿವೆಯ ಹಾಗೆ ಮಿರುಗುತ್ತವೆ, ಬೆರಳಿಗೆ ಪುಡಿ ಹತ್ತುವುದಿಲ್ಲ. ಅದೇ ಮೈದಾನದಲ್ಲಿ, ಅಷ್ಟೇ ಚಳಿಯಿದ್ದ ಇನ್ನೊಂದು ಬೆಳಿಗ್ಗೆ ಒಮ್ಮೆಯೂ ಒರೆಸದೆ ಹನ್ನೆರಡು ಈಡು ಹೊಡೆದೆ. ಹನ್ನೆರಡನೆಯ ಗುಂಡೂ ಗಜದ ಗೆರೆಯವರೆಗೆ ಒಂದೇ ಒತ್ತಿಗೆ ಇಳಿಯಿತು. ಕೊನೆಯಲ್ಲಿ ಒರೆಸಿದ ಬಟ್ಟೆಯ ಮೇಲೆ ಕಂಡದ್ದು ಕಾಡಿಗೆಯಂಥ ಮೆತ್ತನೆಯ ಕಪ್ಪು. ಈ ಮದ್ದಿಗೆ ಜೋರು ಹೆಚ್ಚಾದ್ದರಿಂದ ಹಳೆಯ ಅಳತೆಯನ್ನೇ ಹಾಕದೆ ಕಡಿಮೆಯಿಂದ ಶುರುಮಾಡಬೇಕು. ನನಗೆ 60 ಗ್ರೇನಿನ ಬದಲು 55 ಸಾಕಾಯಿತು.

ಜರ್ಮನಿಯ ಶುಟ್ಸೆನ್ ಮದ್ದು ಆ ಅಗ್ಗದ ಮದ್ದಿಗೂ ಸ್ವಿಸ್‌ಗೂ ನಡುವೆ ನಿಲ್ಲುತ್ತದೆ. ಆರೇಳು ಈಡಿಗೊಮ್ಮೆ ಒರೆಸುವ ತಾಳ್ಮೆಯಿರುವವರಿಗೆ ಅದು ಒಳ್ಳೆಯ ಮದ್ದೇ.

ಕಾಳಿನ ಗಾತ್ರದ ಬಗ್ಗೆ ಒಂದು ಮಾತು. ಡಬ್ಬದ ಮೇಲೆ ‘ಎಫ್’ ಅಕ್ಷರಗಳು ಹೆಚ್ಚಿದಷ್ಟೂ ಕಾಳು ಸಣ್ಣದು; ನಾನು ಎರಡೆಫ್ ಬಿಟ್ಟು ಮೂರೆಫ್‌ಗೆ ಬಂದೆ. ಸಣ್ಣ ಕಾಳು ಬೇಗ ಉರಿಯುವುದರಿಂದ ನನ್ನ ನಳಿಗೆಯಲ್ಲಿ ಕಿಟ್ಟ ಇನ್ನೂ ಕಡಿಮೆಯಾಯಿತು, ತಟ್ಟೆಗೂ ಮದ್ದು ತುಂಬಿಟ್ಟ ಅದೇ ಕೊಂಬಿನಿಂದ ಚಿಟಿಕೆ ಹಾಕಿದರೆ ಆಯಿತು, ನಾಲ್ಕೆಫ್ ಡಬ್ಬವನ್ನು ಬೇರೆ ಕೊಳ್ಳುವ ಗೋಜಿಲ್ಲ.

ಖರ್ಚಿನ ಲೆಕ್ಕವೂ ಹೆದರುವಷ್ಟಿಲ್ಲ. ಒಂದು ಪೌಂಡಿಗೆ 7000 ಗ್ರೇನ್. 60ರಂತೆ 116 ಈಡಾದರೆ 55ರಂತೆ 127 ಆಗುತ್ತವೆ. ವರ್ಷಕ್ಕೆ ಇನ್ನೂರೈವತ್ತು ಈಡು ಹೊಡೆಯುವ ನನಗೆ ಎರಡು ಪೌಂಡು ಸಾಕು. ವಾರವಾರವೂ ಸ್ಪರ್ಧೆಗೆ ಹೋಗುವವರಿಗೆ ಈ ಲೆಕ್ಕ ಒಗ್ಗದು, ಅವರು ಶುಟ್ಸೆನ್ ಕೊಂಡು ಒರೆಸುತ್ತ ಹೋಗುವುದೇ ಸರಿ. ದೂರದ ಮಾರಾಟಗಾರರಿಂದ ತರಿಸಿದರೆ ಸ್ಫೋಟಕ ಸಾಗಣೆಯ ಶುಲ್ಕವೇ ಮದ್ದಿನ ಬೆಲೆಗೆ ಸಮೀಪಿಸುವುದರಿಂದ ನಾವು ಐದಾರು ಜನ ಸೇರಿ ವರ್ಷಕ್ಕೊಮ್ಮೆ ಒಟ್ಟಿಗೆ ತರಿಸುತ್ತೇವೆ.

ಆ ಅಗ್ಗದ ಮದ್ದು ಒಂದೂವರೆ ಡಬ್ಬ ಉಳಿದಿತ್ತು. ಎಸೆಯಲು ಮನಸ್ಸಾಗದೆ ಆಗಸ್ಟಿನ ಸೆಕೆಯಲ್ಲಿ, ಅಂಗಿ ಬೆನ್ನಿಗೆ ಅಂಟುವಂಥ ದಿನಗಳಲ್ಲಿ, ಅಭ್ಯಾಸಕ್ಕೆ ಅದನ್ನು ಬಳಸುತ್ತಿದ್ದೇನೆ. ಆಗಲೂ ಗಜದ ಗೆರೆ ಪ್ರತಿ ಬಾರಿ ನಳಿಗೆಯ ಬಾಯಿಗೆ ಮುಟ್ಟಿತೇ ಎಂದು ನೋಡಿದ ಮೇಲೆಯೇ ತಟ್ಟೆಗೆ ಮದ್ದು ಹಾಕುತ್ತೇನೆ.