ಖಾಲಿ ಕಾಲಂ ನುಂಗುತ್ತಿದ್ದ ಸಿಜಿಐ ಮಾಡ್ಯೂಲ್: ಆರು ವರ್ಷ ಬಳಸಿದ ಮೇಲೆ

ಇಳಕಲ್‌ನಲ್ಲಿ ನಮ್ಮ ಮಾವನ ಸೀರೆ ಅಂಗಡಿ ಇದೆ. ಅದರ ಆನ್‌ಲೈನ್ ಆರ್ಡರ್ ಫಾರ್ಮ್ ನೋಡಿಕೊಳ್ಳುವುದು ನಾನು. ದಿನಕ್ಕೆ ಹತ್ತು ಹನ್ನೆರಡು ಆರ್ಡರ್, ಹಬ್ಬ ಬಂದರೆ ಸ್ವಲ್ಪ ಜಾಸ್ತಿ. ಅಗ್ಗದ ಹೋಸ್ಟಿಂಗ್, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಒಂದು ಸ್ಕ್ರಿಪ್ಟ್. ಆರು ವರ್ಷ ಫಾರ್ಮ್ ಓದಿಕೊಟ್ಟದ್ದು ಪೈಥಾನ್ ಜೊತೆಗೇ ಬರುತ್ತಿದ್ದ ಸಿಜಿಐ ಮಾಡ್ಯೂಲ್, ಅಂದರೆ ವೆಬ್ ಫಾರ್ಮ್‌ನಲ್ಲಿ ತುಂಬಿದ್ದನ್ನು ಬಿಡಿಸಿ ಸ್ಕ್ರಿಪ್ಟ್‌ಗೆ ಕೊಡುವ ಸಿದ್ಧ ಕೋಡ್.

ಬೆಳಗ್ಗೆ ಚಹಾ ಹಿಡಿದುಕೊಂಡು ಆರ್ಡರ್ ಫೈಲ್ ತೆರೆಯುತ್ತೇನೆ. ಯಾರಿಗೆ ಗೋಮಿ ಅಂಚು, ಯಾರಿಗೆ ಚಿಕ್ಕಿ ಪರಾಸ, ಎಲ್ಲ ನೋಟ್‌ಬುಕ್ಕಿಗೆ ಇಳಿಸುತ್ತೇನೆ. ಮಾವನಿಗೆ ಸ್ಕ್ರೀನ್ ಆಗಿಬರುವುದಿಲ್ಲ. ನೋಟ್‌ಬುಕ್ ನೋಡಿಯೇ ಕಪಾಟಿನಿಂದ ಸೀರೆ ತೆಗೆಯುತ್ತಾರೆ.

ಒಂದು ದಿನ ಸೊಲ್ಲಾಪುರದಿಂದ ಒಬ್ಬ ಅಕ್ಕನ ಫೋನ್. "ಮೂರು ಸಲ ಒತ್ತೀನಿ ತಮ್ಮಾ, ಎರರ್ ಬರಾಕತ್ತೈತಿ." ಅವರು 'ಮನೆ ಹತ್ತಿರದ ಗುರುತು' ಕಾಲಂ ಖಾಲಿ ಬಿಟ್ಟಿದ್ದರು. ಬ್ರೌಸರ್ ಆ ಕಾಲಂನ ಹೆಸರನ್ನು ಸರಿಯಾಗಿಯೇ ಕಳಿಸಿತ್ತು. ಮಾಡ್ಯೂಲ್‌ನಲ್ಲಿ ಫಾರ್ಮ್ ಓದುವ ಭಾಗವಾದ ಫೀಲ್ಡ್‌ಸ್ಟೋರೇಜ್ ಮಾತ್ರ ಅದನ್ನು ಕೈಬಿಟ್ಟಿತ್ತು. ನಾನು ನೇರವಾಗಿ ಹೆಸರು ಹಿಡಿದು ಕೇಳಿದ್ದಕ್ಕೆ 'ಆ ಹೆಸರೇ ಇಲ್ಲ' ಎನ್ನುವ ಕೀಎರರ್ ಬಂದು ಸ್ಕ್ರಿಪ್ಟ್ ನಿಂತಿತ್ತು. ಖಾಲಿ ಕಾಲಂ ಉಳಿಸಿಕೊಳ್ಳಲು ಹೇಳುವ 'ಕೀಪ್ ಬ್ಲ್ಯಾಂಕ್ ವ್ಯಾಲ್ಯೂಸ್' ಆಯ್ಕೆಯನ್ನು ಟ್ರೂ ಮಾಡಿದರೆ ಸರಿಹೋಗುತ್ತದೆ. ಆದರೆ ನಾವು ಹೇಳದಿದ್ದರೆ ಅದು ಫಾಲ್ಸ್. ಖಾಲಿ ಬಿಟ್ಟಿದ್ದೂ ಒಂದು ಉತ್ತರವೇ ಅಲ್ವಾ? ಅದಕ್ಕೂ ಮೊದಲು ಎಷ್ಟು ಜನ ಫೋನ್ ಮಾಡದೆ ಸುಮ್ನೆ ಹೋದರೋ! ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಈ ಮಾಡ್ಯೂಲ್‌ನಲ್ಲಿ ಇಷ್ಟವಾದದ್ದು ಒಂದು ಕಾಲಂನ ಉತ್ತರಗಳನ್ನು ತಂದುಕೊಡುವ ಗೆಟ್‌ಲಿಸ್ಟ್. ಅಂಚು ಆರಿಸಲು ಚೆಕ್‌ಬಾಕ್ಸ್ ಇಟ್ಟಿದ್ದೇವೆ. ಒಂದಕ್ಕೆ ಟಿಕ್ ಹಾಕಿದರೆ ಅದೇ ಕೆಲಸದ ಇನ್ನೊಂದು ದಾರಿಯಾದ ಗೆಟ್‌ವ್ಯಾಲ್ಯೂ ಬರೀ ಒಂದು ಸ್ಟ್ರಿಂಗ್ (ಅಕ್ಷರಗಳ ಸಾಲು) ಕೊಡುತ್ತದೆ, ಎರಡಕ್ಕೆ ಹಾಕಿದರೆ ಲಿಸ್ಟ್. ಗೆಟ್‌ಲಿಸ್ಟ್ ಹಾಗಲ್ಲ. ಒಂದಿರಲಿ, ಮೂರಿರಲಿ, ಏನೂ ಇಲ್ಲದಿರಲಿ, ಲಿಸ್ಟೇ ಬರುತ್ತದೆ.

ಈ ಮಾಡ್ಯೂಲ್ ಮುಂದೆ ಇರುವುದಿಲ್ಲ ಎಂದು ಪೈಥಾನ್ 3.11ರಿಂದಲೇ ಎಚ್ಚರಿಕೆ ಬರುತ್ತಿತ್ತು. 2024ರ ಅಕ್ಟೋಬರ್‌ನಲ್ಲಿ ಬಂದ 3.13ರಲ್ಲಿ ಮಾಡ್ಯೂಲನ್ನೇ ತೆಗೆದುಹಾಕಿದರು. ನಮ್ಮ ಹೋಸ್ಟಿಂಗ್‌ನವರು ಹೇಳದೆ ಕೇಳದೆ ಆ ಆವೃತ್ತಿಗೆ ಬದಲಿಸಿದರು. ಆ ಬೆಳಗ್ಗೆ ಒಂದೂ ಆರ್ಡರ್ ಇರಲಿಲ್ಲ. ಪ್ರತಿ ವಿನಂತಿಗೂ ಹೊಸದಾಗಿ ಪ್ರೋಗ್ರಾಂ ಶುರು ಮಾಡುವ ಸಿಜಿಐ ಪದ್ಧತಿ ದೊಡ್ಡ ಸೈಟ್‌ಗಳಿಗೆ ಭಾರ, ಒಪ್ಪುತ್ತೇನೆ. ಹತ್ತು ಆರ್ಡರ್‌ನ ಅಂಗಡಿಗೆ ಅದೇನೂ ಭಾರವಲ್ಲ. ವೆಬ್‌ಸೈಟ್ ಕಟ್ಟುವ ಪೈಥಾನ್ ಸಾಧನ ಫ್ಲಾಸ್ಕ್‌ಗೆ ಹೋಗಲು ನಮ್ಮ ಹೋಸ್ಟಿಂಗ್‌ನಲ್ಲಿ ದುಬಾರಿ ಪ್ಲಾನ್ ಬೇಕಿತ್ತು.

ಕೊನೆಗೆ ಪೈಥಾನ್ ಜೊತೆಗೇ ಬರುವ ಯುಆರ್‌ಎಲ್‌ಲಿಬ್‌ನ ಪಾರ್ಸ್ ಕ್ಯೂಎಸ್ ಹಿಡಿದೆ. ಫಾರ್ಮ್‌ನಿಂದ ಬಂದ ಸಾಲನ್ನು ಹೆಸರು, ಉತ್ತರ ಎಂದು ಬಿಡಿಸಿಕೊಡುವುದು ಇದರ ಕೆಲಸ. ಲಿಂಕ್‌ನಲ್ಲಿ ಬರುವುದನ್ನು ಸರ್ವರ್ ತುಂಬಿಕೊಡುವ 'ಕ್ವೆರಿ ಸ್ಟ್ರಿಂಗ್' ಎನ್‌ವಿರಾನ್‌ಮೆಂಟ್ ವೇರಿಯಬಲ್‌ನಿಂದ ತೆಗೆದುಕೊಳ್ಳಬೇಕು. ಲಿಂಕ್‌ನಲ್ಲಿ ಕಾಣದಂತೆ ಪೋಸ್ಟ್ ಮಾಡಿದ್ದಾದರೆ 'ಕಂಟೆಂಟ್ ಲೆಂತ್' ಹೇಳುವಷ್ಟು ಬೈಟ್ ಸ್ಟ್ಯಾಂಡರ್ಡ್ ಇನ್‌ಪುಟ್‌ನಿಂದ ಓದಬೇಕು. ಹತ್ತೇ ಸಾಲು! ಅದೂ ಪ್ರತಿ ಹೆಸರಿಗೂ ಲಿಸ್ಟೇ ಕೊಡುತ್ತದೆ. ಇದನ್ನು ಮೊದಲೇ ಕಲಿಯಬೇಕಿತ್ತು ಅನ್ನಿಸಿತು. ಖಾಲಿ ಕಾಲಂ ಕೈಬಿಡುವ ಚಾಳಿ ಇದಕ್ಕೂ ಇದೆ. ಆದ್ದರಿಂದ ಮೊದಲ ದಿನವೇ 'ಕೀಪ್ ಬ್ಲ್ಯಾಂಕ್ ವ್ಯಾಲ್ಯೂಸ್'ಗೆ ಟ್ರೂ ಬರೆದೆ.

ಹಳೆ ಸೀರೆಯ ಸೆರಗಿನ ಫೋಟೊ ಹಾಕಿ "ಇಂಥದ್ದೇ ಬೇಕು" ಅನ್ನುವವರೂ ಇದ್ದಾರೆ. ಫೈಲ್ ಬಂದರೆ ಪಾರ್ಸ್ ಕ್ಯೂಎಸ್ ಕೆಲಸಕ್ಕೆ ಬರುವುದಿಲ್ಲ. ಆ ಒಂದು ಫಾರ್ಮ್‌ಗೆ ಪೈಥಾನ್ ಪ್ಯಾಕೇಜ್ ತಂದುಕೊಡುವ ಪಿಪ್‌ನಿಂದ, ಹಳೆ ಮಾಡ್ಯೂಲನ್ನೇ ಬೇರೆಯಾಗಿ ಕೊಡುವ 'ಲೆಗಸಿ ಸಿಜಿಐ' ಹಾಕಿಕೊಂಡಿದ್ದೇನೆ, ಹಳೆ ಕೋಡ್ ಹಾಗೇ ನಡೆಯುತ್ತಿದೆ.

ಈಗ ಗುರುತು ಖಾಲಿ ಬಂದರೆ ನೋಟ್‌ಬುಕ್ಕಿನಲ್ಲಿ ಆ ಜಾಗಕ್ಕೆ ಒಂದು ಗೆರೆ ಎಳೆಯುತ್ತೇನೆ. ಗೆರೆ ಕಂಡರೆ ಮಾವ ಪಾರ್ಸಲ್ ಕಟ್ಟುವ ಮೊದಲು ಅವರಿಗೆ ಫೋನ್ ಮಾಡಿ ಕೇಳುತ್ತಾರೆ.