ಅಡುಗೆಮನೆಯ ಗಾಣ: ಎರಡು ವರ್ಷದ ಲೆಕ್ಕ

ಮೊದಲೇ ಹೇಳಿಬಿಡುತ್ತೇನೆ. ಒಂದು ಕೆಜಿ ಶೇಂಗಾದಿಂದ ಎಣ್ಣೆ ತೆಗೆಯುವುದಕ್ಕೆ ಇಪ್ಪತ್ತು ನಿಮಿಷ ಸಾಕು. ಆಮೇಲೆ ಯಂತ್ರ ತೊಳೆಯುವುದಕ್ಕೆ ಮುಕ್ಕಾಲು ಗಂಟೆ ಬೇಕು. ಮಾರುವವರ ವಿಡಿಯೋದಲ್ಲಿ ಮೊದಲನೆಯದು ಮಾತ್ರ ಇರುತ್ತದೆ.

ನಾನು ಹೇಳುತ್ತಿರುವುದು ಮನೆಯಲ್ಲೇ ಎಣ್ಣೆ ತೆಗೆಯುವ ಪುಟ್ಟ ಯಂತ್ರದ ಬಗ್ಗೆ. ಮಿಕ್ಸರ್‌ಗಿಂತ ಸ್ವಲ್ಪ ದೊಡ್ಡದು, ಸ್ಟೀಲಿನದು. ಮೇಲಿನ ಬಟ್ಟಲಿಗೆ ಕಾಳು ಸುರಿದರೆ ಕೆಳಗೆ ಎಣ್ಣೆ ತೊಟ್ಟಿಕ್ಕುತ್ತದೆ, ಮುಂದೆ ಎಣ್ಣೆ ಹೋಗಿ ಉಳಿದ ಹಿಂಡಿ ಉದುರುತ್ತದೆ. 2023ರ ದೀಪಾವಳಿ ಹೊತ್ತಿಗೆ ಆನ್‌ಲೈನಿನಲ್ಲಿ 16,500 ರೂಪಾಯಿ ಕೊಟ್ಟು ತರಿಸಿದೆ. ಹೆಸರು ಹೇಳುವುದಿಲ್ಲ. ಒಂದೇ ಯಂತ್ರಕ್ಕೆ ಬೇರೆ ಬೇರೆ ಸ್ಟಿಕ್ಕರ್ ಅಂಟಿಸಿ ಮಾರುವ ಮಾಲು ಇದು, ಹೆಸರಿನಿಂದ ನಿಮಗೇನೂ ಗೊತ್ತಾಗುವುದಿಲ್ಲ.

ನಮ್ಮದು ಹುಬ್ಬಳ್ಳಿ. ಚಿಕ್ಕವನಿದ್ದಾಗ ಅಜ್ಜನ ಊರಲ್ಲಿ ಮನೆಯ ಶೇಂಗಾವನ್ನೇ ಗಾಣಿಗರ ಮನೆಗೆ ಒಯ್ದು, ಎಣ್ಣೆಯನ್ನೂ ಹಿಂಡಿಯನ್ನೂ ವಾಪಸ್ ತರುತ್ತಿದ್ದೆವು. ಆ ವಾಸನೆ ಮೂಗಲ್ಲಿ ಉಳಿದುಬಿಟ್ಟಿತ್ತು. ಈ ಯಂತ್ರ ಕೊಳ್ಳಲು ಬೇರೆ ಕಾರಣ ಏನಿರಲಿಲ್ಲ. ಪೆಟ್ಟಿಗೆ ಬಿಚ್ಚಿದ ದಿನ ಅವ್ವ ಒಂದು ಸುತ್ತು ನೋಡಿ, "ತಮ್ಮಾ, ಇದು ಗಾಣ ಅಲ್ಲೋ, ಗಿರಣಿ. ತೊಳ್ಯಾಕ ನನ್ನ ಕರೀಬ್ಯಾಡ" ಎಂದಳು. ಎರಡೂ ಮಾತು ನಿಜವಾಯಿತು.

ಗಿರಣಿ ಎಂದಿದ್ದು ಏಕೆ ಸರಿ ಎಂದರೆ, ಮರದ ಗಾಣದಲ್ಲಿ ಒರಳಿನೊಳಗೆ ಒನಕೆ ನಿಧಾನ ತಿರುಗುತ್ತದೆ, ಕಾಳು ಅಷ್ಟು ಬಿಸಿ ಆಗುವುದಿಲ್ಲ. ಈ ಯಂತ್ರದ ಒಳಗಿರುವುದು ಒಂದು ಗೇಣುದ್ದದ ಸ್ಕ್ರೂ. ಅದು ಸ್ಟೀಲ್ ಕೊಳವೆಯಲ್ಲಿ ತಿರುಗುತ್ತಾ ಕಾಳನ್ನು ಮುಂದೆ ತಳ್ಳಿ ಅರೆದು ಹಿಂಡುತ್ತದೆ. ಕೊಳವೆಯ ಸುತ್ತ ಹೀಟರ್ ಇದೆ. ಅದನ್ನು ಐದು ನಿಮಿಷ ಕಾಯಿಸದೆ ಕಾಳು ಹಾಕಿದರೆ ಎಣ್ಣೆ ಬರುವುದಿಲ್ಲ, ಪೇಸ್ಟ್ ಬರುತ್ತದೆ. ಪೆಟ್ಟಿಗೆ ಮೇಲೆ ಮಾತ್ರ ದಪ್ಪ ಅಕ್ಷರದಲ್ಲಿ 'ಕೋಲ್ಡ್ ಪ್ರೆಸ್'! ತೊಟ್ಟಿಕ್ಕುವ ಎಣ್ಣೆಗೆ ಅಡುಗೆ ಥರ್ಮಾಮೀಟರ್ ಹಿಡಿದೆ. 72 ಡಿಗ್ರಿ ತೋರಿಸಿತು. ರಿಫೈನ್ಡ್ ಎಣ್ಣೆ ಮಾಡುವಾಗಿನ ಬಿಸಿಯ ಮುಂದೆ ಇದು ಏನೂ ಅಲ್ಲ, ಒಪ್ಪುತ್ತೇನೆ. ಆದರೂ ಇದನ್ನು ಕೋಲ್ಡ್ ಎಂದರೆ ನಮ್ಮ ಮನೆಯ ಚಹಾನೂ ಕೋಲ್ಡೇ.

ಈಗ ಶೇಂಗಾದ ವಿಷಯ. ಅಮರಗೋಳದ ಎಪಿಎಂಸಿ ಹತ್ತಿರ ಕಾಳು ತರುತ್ತೇನೆ, ಕಳೆದ ಸಲ ಕೆಜಿಗೆ 130 ರೂಪಾಯಿ. ಶೇಂಗಾ ಕಾಳಿನಲ್ಲಿ ಅರ್ಧದಷ್ಟು ಎಣ್ಣೆ ಇರುತ್ತದೆ. ನನಗೆ ಕೆಜಿಗೆ ಸಿಗುವುದು 400 ಗ್ರಾಂ, ಅಂದರೆ ಸುಮಾರು 440 ಎಂಎಲ್. ಉಳಿದದ್ದು ಹಿಂಡಿಯಲ್ಲೇ ಹೋಗುತ್ತದೆ. ಒಂದು ಲೀಟರಿಗೆ ಎರಡೂಕಾಲು ಕೆಜಿ ದಾಟಿ ಕಾಳು ಬೇಕು, ಖರ್ಚು 300 ರೂಪಾಯಿ ಹತ್ತಿರ. ನಮ್ಮ ಓಣಿಯ ಗಾಣದ ಅಂಗಡಿಯಲ್ಲೂ ಹೆಚ್ಚುಕಮ್ಮಿ ಅಷ್ಟೇ ರೇಟು. ಉಳಿತಾಯ ಸೊನ್ನೆ. ಕರೆಂಟು ಹೆಚ್ಚೇನೂ ತಿನ್ನುವುದಿಲ್ಲ, ಅದರ ಲೆಕ್ಕ ಬಿಡಿ.

ಹಾಗಿದ್ದರೆ ಯಾಕೆ ಬೇಕು? ಒಳಗೆ ಏನು ಹೋಗುತ್ತದೆ ಎನ್ನುವುದು ಕಣ್ಣಿಗೆ ಕಾಣುತ್ತದೆ, ಅದಕ್ಕೆ. ಶೇಂಗಾ ಹಸಿ ಇದ್ದರೆ ಬೂಸ್ಟು ಹಿಡಿಯುತ್ತದೆ. ಒಂದು ಜಾತಿಯ ಬೂಸ್ಟಿನಿಂದ ಅಫ್ಲಾಟಾಕ್ಸಿನ್ ಎಂಬ ವಿಷ ಬರುತ್ತದೆ, ಲಿವರಿಗೆ ಕೆಟ್ಟದ್ದು. ರಿಫೈನ್ ಮಾಡುವಾಗ ಅದು ಹೋಗುತ್ತದೆ, ಗಾಣದ ಎಣ್ಣೆಯಲ್ಲಿ ಹೋಗುವುದಿಲ್ಲ. ಹಿಂಡಿಯಲ್ಲಂತೂ ಇನ್ನೂ ಜಾಸ್ತಿ ಉಳಿಯುತ್ತದೆ. ಹಾಗಾಗಿ ಮನೆಯ ಎಣ್ಣೆ ಎಂದ ಮಾತ್ರಕ್ಕೆ ಶುದ್ಧ ಅಲ್ಲ. ಶನಿವಾರ ರಾತ್ರಿ ಟಿವಿ ಮುಂದೆ ಮೊರ ಹಿಡಿದು ಕೂತು ಕಪ್ಪಾದ, ಸುಕ್ಕಾದ, ಒಡೆದ ಕಾಳನ್ನೆಲ್ಲ ಆರಿಸಿ ತೆಗೆಯುತ್ತೇವೆ. ಭಾನುವಾರ ಒಂದೆರಡು ತಾಸು ಬಿಸಿಲಿಗೆ ಹಾಕಿ ಆಮೇಲೆ ಯಂತ್ರಕ್ಕೆ. ಈ ಕೆಲಸ ಬೇಸರ ಅನ್ನುವವರು ಇಲ್ಲಿಗೇ ಓದುವುದು ನಿಲ್ಲಿಸಬಹುದು.

ಒಂದು ಪಾಠ ಮೊದಲ ವಾರವೇ ಆಯಿತು. ಬಿಸಿ ಬಿಸಿ ಎಣ್ಣೆ ಬಂದ ಖುಷಿಗೆ ಅದರಲ್ಲೇ ಮಿರ್ಚಿ ಭಜಿ ಹಾಕಿದೆವು. ಒಂದೇ ನಿಮಿಷಕ್ಕೆ ಬಾಣಲೆ ತುಂಬ ನೊರೆ. "ರೀ, ಎಣ್ಣಿ ಉಕ್ಕಾಕತ್ತೈತಿ, ಲಗೂ ಬರ್ರಿ!" ಎಂದು ಹೆಂಡತಿ ಕೂಗಿದಾಗ ನಾನು ಯಂತ್ರದ ಸ್ಕ್ರೂ ತಿಕ್ಕುತ್ತಿದ್ದೆ. ತಪ್ಪು ಎಣ್ಣೆಯದ್ದಲ್ಲ, ನಮ್ಮದು. ಹೊಸ ಎಣ್ಣೆಯಲ್ಲಿ ಕಾಳಿನ ಸಣ್ಣ ಪುಡಿ, ಚೂರು ತೇವ ಇರುತ್ತದೆ. ಸ್ಟೀಲ್ ಡಬ್ಬಿಯಲ್ಲಿ ಮೂರು ದಿನ ಅಲುಗಾಡಿಸದೆ ಇಟ್ಟರೆ ತಳದಲ್ಲಿ ಬೆರಳು ದಪ್ಪ ಗಸಿ ಕೂರುತ್ತದೆ. ಮೇಲಿನ ತಿಳಿಯನ್ನು ಬಟ್ಟೆಯಲ್ಲಿ ಸೋಸಿಕೊಳ್ಳಬೇಕು. ಈಗಲೂ ಕರಿಯುವುದಕ್ಕೆ ಇದನ್ನು ಬಳಸುವುದು ಕಡಿಮೆ. ಸೋಸಿದ ಎಣ್ಣೆಯೂ ರಿಫೈನ್ಡ್‌ಗಿಂತ ಬೇಗ ಹೊಗೆಯಾಡುತ್ತದೆ. ಒಗ್ಗರಣೆಗೆ, ಪಲ್ಯಕ್ಕೆ, ಉಪ್ಪಿನಕಾಯಿಗೆ ಮಾತ್ರ ಇದನ್ನು ಬಿಟ್ಟರೆ ಬೇರೆ ಇಲ್ಲ.

ಎಳ್ಳು ಈ ಯಂತ್ರಕ್ಕೆ ಹೇಳಿ ಮಾಡಿಸಿದ್ದು. ಸುಮ್ನೆ ಸುರಿದು ನಿಂತರೆ ಸಾಕು, ಸದ್ದಿಲ್ಲದೆ ಎಣ್ಣೆ ಇಳಿಯುತ್ತದೆ. ತಿಪಟೂರಿನ ಉಂಡೆ ಕೊಬ್ಬರಿ ತಂದು ಹೆಚ್ಚಿ ಹಾಕಿದೆ. ಚೂರುಗಳು ಬಟ್ಟಲಲ್ಲೇ ಸಿಕ್ಕಿಕೊಳ್ಳುತ್ತವೆ, ಕಟ್ಟಿಗೆ ಕೋಲಿನಿಂದ ತಳ್ಳುತ್ತಾ ನಿಲ್ಲಬೇಕು. ಅಗಸೆ ಎಣ್ಣೆ ಎರಡು ವಾರಕ್ಕೇ ಕಹಿ ತಿರುಗಿತು.

ಕುಸುಬಿ ಕಥೆ ಬೇರೆ. ನಮ್ಮ ಕಡೆ ಕುಸುಬಿ ಎಣ್ಣೆ ಎಂದರೆ ಹಬ್ಬ. ಆ ಆಸೆಗೆ ಎರಡು ಕೆಜಿ ಕಾಳು ತಂದೆ. ಅದರ ಸಿಪ್ಪೆ ಗಟ್ಟಿ, ಎಣ್ಣೆ ಶೇಂಗಾಕ್ಕಿಂತ ಬಹಳ ಕಡಿಮೆ. ಹತ್ತು ನಿಮಿಷ ಓಡಿತು, ಆಮೇಲೆ ಮೋಟರ್ ಗೊರ್ ಎಂದು ನರಳಿ ನಿಂತಿತು. ಸಿಪ್ಪೆಯ ಪುಡಿ ಕೊಳವೆಯೊಳಗೆ ಸಿಮೆಂಟಿನಂತೆ ಕೂತಿತ್ತು. ನಟ್ ಬಿಚ್ಚಿದರೂ ಸ್ಕ್ರೂ ಹೊರಗೆ ಬರಲಿಲ್ಲ. ರಾತ್ರಿಯಿಡೀ ಬಿಸಿ ನೀರಲ್ಲಿ ನೆನೆಹಾಕಿ, ಬೆಳಿಗ್ಗೆ ಮರದ ತುಂಡು ಇಟ್ಟು ಸುತ್ತಿಗೆಯಿಂದ ತಟ್ಟಿ ತಟ್ಟಿ ತೆಗೆದೆ. ಅಷ್ಟು ಮಾಡಿ ಸಿಕ್ಕ ಎಣ್ಣೆ ಒಂದು ಚಹಾ ಕಪ್ಪು. ಉಳಿದ ಕಾಳು ಇನ್ನೂ ಡಬ್ಬಿಯಲ್ಲಿದೆ. ಕುಸುಬಿ ಎಣ್ಣೆ ಈಗ ಗಾಣದ ಅಂಗಡಿಯಿಂದಲೇ ತರುತ್ತೇವೆ.

ತೊಳೆಯುವುದಕ್ಕೆ ನಾನು ಕಂಡುಕೊಂಡ ದಾರಿ ಹೀಗಿದೆ. ಕೊನೆಗೆ ಒಂದು ಹಿಡಿ ಒಣ ಹಿಂಡಿಯನ್ನೇ ಮತ್ತೆ ಮೇಲಿಂದ ಹಾಕಿ, ಅದು ಒಳಗಿನದ್ದನ್ನೆಲ್ಲ ತಳ್ಳಿಕೊಂಡು ಬರುತ್ತದೆ. ಆಮೇಲೆ ಯಂತ್ರ ಆಫ್ ಮಾಡಿ ಪ್ಲಗ್ ಕಿತ್ತು, ಬಿಸಿ ಇರುವಾಗಲೇ ದಪ್ಪ ಬಟ್ಟೆ ಹಿಡಿದು ನಟ್ ಬಿಚ್ಚಿ. ಆರಿದ ಮೇಲೆ ಬಿಚ್ಚುತ್ತೇನೆ ಅಂದರೆ ಪಾನಾ ಹುಡುಕಬೇಕಾಗುತ್ತದೆ. ಎಣ್ಣೆ ಬರುವ ತೂತುಗಳಿಗೆ ಹಳೆಯ ಹಲ್ಲುಜ್ಜುವ ಬ್ರಷ್ಷೇ ಗತಿ. ಜೊತೆಗೆ ಕೊಟ್ಟ ಬ್ರಷ್ ಮೂರನೇ ವಾರಕ್ಕೆ ಬೋಳಾಯಿತು.

ಎಂಟನೇ ತಿಂಗಳಲ್ಲಿ ಹೀಟರ್ ಹೋಯಿತು. ಒಂದು ವರ್ಷ ವಾರಂಟಿ ಇತ್ತಲ್ಲ ಎಂದು ಫೋನ್ ಮಾಡಿದರೆ, ವಾರಂಟಿ ಮೋಟರಿಗೆ ಮಾತ್ರ ಅಂದರು. ಯಂತ್ರ ನಾವೇ ಪ್ಯಾಕ್ ಮಾಡಿ ಕಳಿಸಬೇಕಂತೆ, ಕೊರಿಯರ್ ಖರ್ಚೂ ನಮ್ಮದೇ. ಬೇಡ ಎಂದು ಮೋಟರ್ ರಿವೈಂಡಿಂಗ್ ಮಾಡುವವರ ಹತ್ತಿರ ಒಯ್ದೆ. ಅವರು ಅಂಥದ್ದೇ ಹೀಟರ್ ಹುಡುಕಿ 650 ರೂಪಾಯಿಗೆ ಕೂರಿಸಿಕೊಟ್ಟರು. ಆವತ್ತಿನಿಂದ ಚೆನ್ನಾಗಿ ನಡೆಯುತ್ತಿದೆ. ಅರ್ಧ ಗಂಟೆ ಓಡಿಸಿದರೆ ಅಷ್ಟೇ ಹೊತ್ತು ಬಿಡುವು ಕೊಡುತ್ತೇನೆ. ಹದಿನೈದು ದಿನಕ್ಕೆ ಬೇಕಾದಷ್ಟು ಮಾತ್ರ ತೆಗೆಯುತ್ತೇನೆ. ಜಾಸ್ತಿ ತೆಗೆದಿಟ್ಟರೆ ಕಮಟು ವಾಸನೆ ಬರುತ್ತದೆ.

ಎಣ್ಣೆಗಿಂತ ನಮ್ಮ ಮನೆಯಲ್ಲಿ ಗೆದ್ದಿದ್ದು ಹಿಂಡಿ. ಯಂತ್ರದ ಬಾಯಿಂದ ಅದು ಬೆಚ್ಚಗೆ, ಸುರುಳಿ ಸುರುಳಿಯಾಗಿ, ಒಣಗಿದ ಚಕ್ಕೆಯ ಹಾಗೆ ಬೀಳುತ್ತದೆ. ಮಕ್ಕಳು ಬೆಲ್ಲದ ಜೊತೆ ಹಾಗೇ ಬಾಯಿಗೆ ಹಾಕಿಕೊಳ್ಳುತ್ತಾರೆ. ನಮ್ಮಲ್ಲಿ ಶೇಂಗಾ ಚಟ್ನಿಪುಡಿಗೆ ಶೇಂಗಾ ಹಿಂಡಿ ಅಂತಲೇ ಹೆಸರು, ಅಲ್ವಾ? ಹಿಂಡಿ ಹಾಕದ ಹಿಂಡಿಯನ್ನು ಇಷ್ಟು ವರ್ಷ ತಿಂದಿದ್ದೇವೆ. ಅವ್ವ ಈ ಚಕ್ಕೆಯನ್ನು ಸ್ವಲ್ಪ ಹುರಿದು, ಬೆಳ್ಳುಳ್ಳಿ, ಜೀರಿಗೆ, ಕೆಂಪು ಖಾರ, ಉಪ್ಪು ಹಾಕಿ ಒರಳಲ್ಲಿ ಕುಟ್ಟುತ್ತಾಳೆ. ಜಿಡ್ಡು ಕಡಿಮೆ, ಮುದ್ದೆಗಟ್ಟುವುದಿಲ್ಲ, ಪುಡಿಪುಡಿಯಾಗಿ ಉಳಿಯುತ್ತದೆ. ಬಿಸಿ ರೊಟ್ಟಿ, ಗಟ್ಟಿ ಮೊಸರು, ಮೇಲೆ ಈ ಪುಡಿ. ತೊಳೆಯಲು ಕರೆಯಬೇಡ ಎಂದಿದ್ದವಳು ಈಗ ಹದಿನೈದು ದಿನಕ್ಕೊಮ್ಮೆ, "ಯಾವಾಗ ಹಚ್ಚತಿ ಅದನ್ನ?" ಎಂದು ತಾನೇ ಕೇಳುತ್ತಾಳೆ. ತೊಳೆಯಲು ಈಗಲೂ ಬರುವುದಿಲ್ಲ.

ಹೋದ ತಿಂಗಳು ಪಕ್ಕದ ಮನೆಯವರು ತಮಗೂ ಒಂದು ಬೇಕು ಎಂದರು. ಕೊಳ್ಳುವ ಮೊದಲು ಒಂದು ವಾರ ನಮ್ಮದನ್ನೇ ಬಳಸಿ ನೋಡಿ ಎಂದು ಯಂತ್ರ, ಬ್ರಷ್, ಪಾನಾ ಎಲ್ಲ ಕೊಟ್ಟೆ. ಮೂರನೇ ದಿನಕ್ಕೇ ವಾಪಸ್ ತಂದುಕೊಟ್ಟರು. ತೊಳೆದಿರಲಿಲ್ಲ.